ಮಾಸ್ಕಿನೊಳಗೆ ನೀರು: ದೋಷ ಮಾಸ್ಕಿನದೋ, ಉಸಿರಿನದೋ?

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಮುರ್ಡೇಶ್ವರದ ಎದುರಿನ ನೇತ್ರಾಣಿಗೋ ಮಹಾರಾಷ್ಟ್ರದ ಮಾಲ್ವಣಕ್ಕೋ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಸ್ಕೂಬಾ ಡೈವಿಂಗಿಗೆಂದು ಹೋಗುವವರು ಈಗ ಅಪರೂಪವಲ್ಲ. ಅವರಲ್ಲಿ ಕೆಲವರು ಮುಖಕ್ಕೆ ಒಂದೆರಡು ಬಾರಿ ನೀರು ನುಗ್ಗಿದೊಡನೆ ದೋಣಿಯ ಏಣಿ ಹಿಡಿದು, ‘ನನಗೆ ನೀರಿನ ಹೆದರಿಕೆ, ಇದು ನನ್ನಿಂದಾಗದು’ ಎಂಬ ತೀರ್ಮಾನದೊಂದಿಗೆ ಊರಿಗೆ ಮರಳುತ್ತಾರೆ. ಇನ್ನು ಕೆಲವರು ಕಣ್ಣು-ಮೂಗು ಮುಚ್ಚುವ ಗಾಜಿನ ಮಾಸ್ಕ್ ಸೋರುತ್ತದೆಂದು ಒಂದರ ಮೇಲೊಂದು ಹೊಸದನ್ನು ಕೊಳ್ಳುತ್ತಾರೆ. ನಾನು ಕಂಡಮಟ್ಟಿಗೆ, ಮೊದಲಿನವರಲ್ಲಿ ಹಲವರ ನಿಜವಾದ ತೊಂದರೆ ಮುಖಕ್ಕೆ ಹೊಂದದ ಮಾಸ್ಕ್. ಎರಡನೆಯವರಲ್ಲಿ ಹಲವರ ತೊಂದರೆ ಮೂಗಿನಿಂದ ಉಸಿರಾಡುವ ಅಭ್ಯಾಸ, ಸ್ಕೂಬಾದಲ್ಲಿ ಉಸಿರಾಟ ಬಾಯಿಯಿಂದಲೇ ನಡೆಯಬೇಕು. ಎರಡೂ ಹೊರಗೆ ತೋರುವುದು ಒಂದೇ ಬಗೆಯಲ್ಲಿ, ಅಂದರೆ ಮಾಸ್ಕಿನೊಳಗೆ ನೀರು ಮತ್ತು ಎದೆಯೊಳಗೆ ಗಾಬರಿ. ಆದುದರಿಂದ ಇವೆರಡನ್ನು ಬೇರ್ಪಡಿಸದೆ ಪರಿಹಾರಕ್ಕೆ ಕೈಹಾಕಿದರೆ ಹಣವೂ ಧೈರ್ಯವೂ ವ್ಯರ್ಥವಾಗುತ್ತವೆ.

ಮುಂದಿನ ಭಾಗಗಳು ನೀವು ಗಮನಿಸುವ ಲಕ್ಷಣದಿಂದಲೇ ಹೊರಡುತ್ತವೆ. ಪ್ರತಿಯೊಂದರಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಇವು ಯಾವುವೂ ಪ್ರಮಾಣಪತ್ರವಿರುವ ತರಬೇತುದಾರರ ಕಲಿಕೆಗೆ ಬದಲಿಯಲ್ಲ.

ಎಲ್ಲಕ್ಕಿಂತ ಮೊದಲು: ಒಣ ಮುಖದ ಪರೀಕ್ಷೆ

ಇದಕ್ಕೆ ನೀರು ಬೇಡ, ಕನ್ನಡಿ ಮತ್ತು ಜೊತೆಗೊಬ್ಬರು ಸಾಕು. ಹಣೆಯ ಮೇಲಿನ ಕೂದಲನ್ನೆಲ್ಲ ಹಿಂದಕ್ಕೆ ಸರಿಸಿ, ಮುಖವನ್ನು ಮಾಡಿನ ಕಡೆಗೆ ಎತ್ತಿ, ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಒತ್ತದೆ ಸುಮ್ಮನೆ ಮುಖದ ಮೇಲಿಡಿ. ಸಿಲಿಕೋನ್ ಅಂಚು ಸುತ್ತಲೂ ಚರ್ಮಕ್ಕೆ ತಾಗಿದೆಯೋ, ಕಪೋಲದ ಬಳಿ, ಹುಬ್ಬಿನ ಕೊನೆಯಲ್ಲಿ ಅಥವಾ ಮೂಗಿನ ಕೆಳಗೆ ಬಿರುಕು ಕಾಣುತ್ತದೆಯೋ ಎಂದು ಜೊತೆಗಾರರು ನೋಡಲಿ. ಆಮೇಲೆ ಮೂಗಿನಿಂದ ಬಹಳ ಮೆಲ್ಲಗೆ ಸ್ವಲ್ಪ ಉಸಿರೆಳೆದು ಹಿಡಿದು, ಮುಖವನ್ನು ನೇರ ಮಾಡಿ ನಿಧಾನವಾಗಿ ಬಗ್ಗಿಸಿ. ಹೊಂದುವ ಮಾಸ್ಕ್ ಬೀಳದೆ ನಿಲ್ಲುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಜೋರಾಗಿ ಉಸಿರೆಳೆಯುವುದರಲ್ಲಿ. ಬಲವಾಗಿ ಎಳೆದರೆ ಮೃದುವಾದ ಸಿಲಿಕೋನ್ ಯಾವ ಮುಖಕ್ಕಾದರೂ ಅಂಟಿಕೊಳ್ಳುತ್ತದೆ. ಹೊಂದದ ಮಾಸ್ಕ್ ಕೂಡ ತೇರ್ಗಡೆಯಾಗುತ್ತದೆ. ಇನ್ನೊಂದು ಅಂಶವನ್ನು ಅಂಗಡಿಯವರೂ ಮರೆಯುತ್ತಾರೆ: ಇದೇ ಪರೀಕ್ಷೆಯನ್ನು ಸ್ನಾರ್ಕೆಲ್ (ನೀರಿನ ಮೇಲ್ಮೈಯಲ್ಲಿ ಉಸಿರಾಡುವ ಕೊಳವೆ) ಅಥವಾ ರೆಗ್ಯುಲೇಟರಿನ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಲಕರಣೆ) ಬಾಯಿತುಂಡನ್ನು ಕಚ್ಚಿಕೊಂಡು ಮತ್ತೊಮ್ಮೆ ಮಾಡಬೇಕು. ಬಾಯಿತುಂಡು ಕಚ್ಚಿದಾಗ ಮೇಲ್ತುಟಿ ಮುಂದಕ್ಕೆ ಬರುತ್ತದೆ, ಕೆನ್ನೆ ಒಳಸರಿಯುತ್ತದೆ. ಬಾಯಿ ಮುಚ್ಚಿದಾಗ ಸರಿಯಾಗಿ ಕುಳಿತ ಅಂಚು ಆಗ ಮೂಗಿನ ಕೆಳಗೆ ಎದ್ದುಬಿಡಬಹುದು.

ಈ ಪರೀಕ್ಷೆಯಲ್ಲಿ ಸೋತ ಮಾಸ್ಕನ್ನು ಪಟ್ಟಿ ಬಿಗಿದು ಸರಿಪಡಿಸಲಾಗದು, ಹಿಂದಿರುಗಿಸುವುದೇ ದಾರಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಚೀಟಿ ಕೀಳುವ ಮೊದಲೇ, ನೀರು ಮುಟ್ಟಿಸುವ ಮೊದಲೇ ಇದನ್ನು ಮಾಡಿಕೊಳ್ಳಿ. ಬೆಲೆ ಹೆಚ್ಚಾದುದು ನಿಮ್ಮ ಮುಖಕ್ಕೆ ಹೊಂದುತ್ತದೆಂಬ ನಿಯಮವಿಲ್ಲ. ಕೊಳ್ಳುವಾಗಲೇ ನೋಡಬೇಕಾದ ಇನ್ನೆರಡು ವಿಷಯಗಳಿವೆ. ಗಾಜಿನ ಮೇಲೆ ಅದು ಟೆಂಪರ್ಡ್ ಗಾಜೆಂಬ ಗುರುತಿರಬೇಕು. ಮೂಗು ಕೂರುವ ಭಾಗವನ್ನು ಹೊರಗಿನಿಂದ ಎರಡು ಬೆರಳಲ್ಲಿ ಹಿಡಿದು ಮೂಗು ಮುಚ್ಚಲು ಆಗಬೇಕು. ಕೆಳಗಿಳಿಯುವಾಗ ಹೆಚ್ಚಿನವರು ಕಿವಿಯ ಒತ್ತಡ ಸರಿದೂಗಿಸುವುದು ಹಾಗೆ ಮೂಗು ಮುಚ್ಚಿ ಮೆಲ್ಲಗೆ ಊದಿಯೇ. ಮೂಗು ಹೊರಗುಳಿಯುವ ಈಜು ಕನ್ನಡಕವನ್ನೂ, ಇಡೀ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕನ್ನೂ ಸ್ಕೂಬಾಕ್ಕೆ ಯಾವ ಕಾರಣಕ್ಕೂ ಬಳಸಬಾರದು.

ಲಕ್ಷಣ: ನೀರು ಹನಿಹನಿಯಾಗಿ ಸೇರುತ್ತಲೇ ಇರುತ್ತದೆ

ಒಣ ಪರೀಕ್ಷೆಯಲ್ಲಿ ಗೆದ್ದ ಮಾಸ್ಕ್ ನೀರಿನಲ್ಲಿ ಸೋರಿದರೆ, ನೀರು ಎಲ್ಲಿಂದ ಬರುತ್ತಿದೆ ಎಂಬುದೇ ಮೊದಲ ಸುಳಿವು.

ಹಣೆಯ ಕಡೆಯಿಂದ ಅಥವಾ ಕಣತಲೆಯ ಬದಿಯಿಂದ ಬರುವುದಾದರೆ ಕೂದಲು ಕಾರಣವಿರಬಹುದು. ಅಂಚಿನಡಿ ಸಿಕ್ಕ ಕೆಲವೇ ಎಳೆಗಳೂ ನೀರಿಗೆ ದಾರಿಯಾಗುತ್ತವೆ. ಬೆರಳನ್ನು ಅಂಚಿನ ಸುತ್ತ ಒಮ್ಮೆ ಆಡಿಸಿ ಎಳೆಗಳನ್ನು ಹೊರಗೆಳೆಯಿರಿ. ತಲೆಗೆ ತೆಂಗಿನೆಣ್ಣೆ ಹಾಕುವುದು ನಮ್ಮಲ್ಲಿ ದಿನದ ರೂಢಿ. ಆದರೆ ಎಣ್ಣೆಗೂದಲಿನ ಮೇಲೆ ಪಟ್ಟಿ ನಿಲ್ಲದೆ ಕೆಳಗೆ ಜಾರುತ್ತದೆ, ಹಣೆಗಿಳಿದ ಎಣ್ಣೆಯ ಮೇಲೆ ಅಂಚೂ ಜಾರುತ್ತದೆ. ಕಡಲಿಗೆ ಹೋಗುವ ದಿನ ತಲೆಗೆ ಎಣ್ಣೆ ಬೇಡ. ಉದ್ದ ಜಡೆಯಿದ್ದವರು ಅದನ್ನು ಕುತ್ತಿಗೆಯ ಮಟ್ಟದಲ್ಲಿ ಕೆಳಗೆ ಕಟ್ಟಿಕೊಂಡರೆ ಪಟ್ಟಿಗೆ ತಲೆಯ ಹಿಂಬದಿ ತೆರವಾಗಿರುತ್ತದೆ.

ಮೂಗಿನ ಕೆಳಗಿನಿಂದ ಬರುವುದಾದರೆ ಮೀಸೆಯನ್ನು ನೋಡಿ. ಇಡೀ ಮೀಸೆ ತೆಗೆಯಬೇಕಾಗಿಲ್ಲ. ಮೂಗಿನ ಬುಡಕ್ಕೆ ತಾಗಿಕೊಂಡ ಭಾಗದಲ್ಲಿ ತೆಳ್ಳನೆಯ ಗೆರೆಯಷ್ಟು ಬೋಳಿಸಿದರೆ ಅಂಚಿಗೆ ಕೂರಲು ಚರ್ಮ ಸಿಗುತ್ತದೆ. ಅಷ್ಟಕ್ಕೂ ಸೋರಿದರೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬಹುದು. ತೆಂಗಿನೆಣ್ಣೆಯಾಗಲಿ ವ್ಯಾಸಲೀನ್ ಆಗಲಿ ಬೇಡ. ಮೂಗುಬೊಟ್ಟು ಸಾಮಾನ್ಯವಾಗಿ ಅಂಚಿಗೆ ಅಡ್ಡಬರುವುದಿಲ್ಲ, ಆದರೆ ಮೂಗು ಹಿಸುಕುವಾಗ ಚುಚ್ಚುತ್ತದೆ, ಸಾಧ್ಯವಾದರೆ ತೆಗೆದಿಡಿ.

ಕೆನ್ನೆಯ ಬದಿಯಿಂದ ಆಗೊಮ್ಮೆ ಈಗೊಮ್ಮೆ ಮಾತ್ರ ಬರುವುದಾದರೆ ಅದು ನಗುವಿನಿಂದ. ಮೀನು ಕಂಡ ಸಂತೋಷಕ್ಕೆ ಮುಖ ಅರಳಿದಾಗ ಕೆನ್ನೆಯಲ್ಲಿ ಗೆರೆ ಬೀಳುತ್ತದೆ, ಆ ಗೆರೆಯಲ್ಲಿ ನೀರು ನುಸುಳುತ್ತದೆ. ಇದು ದೋಷವಲ್ಲ. ಮಾಸ್ಕಿನ ನೀರು ಖಾಲಿ ಮಾಡಲು ಕಲಿತವರಿಗೆ ಅದೊಂದು ತೊಂದರೆಯೂ ಅಲ್ಲ.

ಇವು ಯಾವುವೂ ಅಲ್ಲದಿದ್ದರೆ ಪಟ್ಟಿಯನ್ನು ಸಡಿಲಿಸಿ. ಸೋರಿದೊಡನೆ ಪಟ್ಟಿ ಬಿಗಿಯುವುದು ಎಲ್ಲರ ಕೈಗೆ ಬರುವ ಮೊದಲ ಕೆಲಸ, ಮತ್ತು ಅದೇ ಸೋರಿಕೆಯನ್ನು ಹೆಚ್ಚಿಸುತ್ತದೆ. ಆಳದಲ್ಲಿ ಮಾಸ್ಕನ್ನು ಮುಖಕ್ಕೆ ಒತ್ತುವ ಕೆಲಸವನ್ನು ನೀರೇ ಮಾಡುತ್ತದೆ. ಪಟ್ಟಿ ಇರುವುದು ಅದು ಸ್ಥಾನ ತಪ್ಪದಂತೆ ನೋಡಿಕೊಳ್ಳಲು ಮಾತ್ರ. ಅತಿಯಾಗಿ ಬಿಗಿದಾಗ ತೆಳ್ಳನೆಯ ಅಂಚು ಮಡಚಿ ಸುಕ್ಕುಗಟ್ಟುತ್ತದೆ. ಪಟ್ಟಿಯ ಅಗಲವಾದ ಭಾಗ ತಲೆಯ ಹಿಂಬದಿಯ ಉಬ್ಬಿನ ಮೇಲೆ, ಕಿವಿಗಿಂತ ಮೇಲಿರಬೇಕು. ಕುತ್ತಿಗೆಯ ಕಡೆ ಇಳಿದಿದ್ದರೆ ಅದು ಮಾಸ್ಕಿನ ಕೆಳ ಅಂಚನ್ನು ಮೂಗಿಗೆ ಒತ್ತಿ ಮೇಲಿನದನ್ನು ಎಬ್ಬಿಸುತ್ತದೆ.

ಕೊನೆಗೆ ಅಂಚನ್ನೇ ಬೆಳಕಿಗೆ ಹಿಡಿದು ನೋಡಿ. ನಮ್ಮ ಮಳೆಗಾಲದ ತೇವದಲ್ಲಿ ಪೆಟ್ಟಿಗೆಯೊಳಗಿಟ್ಟ ಮಾಸ್ಕಿಗೆ ಕಪ್ಪು ಬೂಸಲು ಹಿಡಿಯುತ್ತದೆ. ಅದನ್ನು ಪಾತ್ರೆ ತೊಳೆಯುವ ಸಾಬೂನಿನ ನೀರು ಮತ್ತು ಮೃದುವಾದ ಬ್ರಷ್‌ನಿಂದ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಬಹುದು. ಆದರೆ ಸೀಳು, ಗಟ್ಟಿಯಾದ ಭಾಗ ಅಥವಾ ಒತ್ತಿಟ್ಟು ಶಾಶ್ವತವಾಗಿ ಸೊಟ್ಟಗಾದ ಅಂಚು ಕಂಡರೆ ದುರಸ್ತಿಯಿಲ್ಲ.

ಲಕ್ಷಣ: ಗಾಜಿಗೆ ಹಬೆ ಹಿಡಿಯುತ್ತದೆ

ಹೊಸ ಮಾಸ್ಕಿನಲ್ಲಿ ಪ್ರತಿ ಬಾರಿಯೂ ಹಬೆ ಹಿಡಿಯುತ್ತಿದ್ದರೆ ತಯಾರಿಕೆಯ ವೇಳೆ ಗಾಜಿನ ಮೇಲೆ ಉಳಿದ ತೆಳ್ಳನೆಯ ಜಿಡ್ಡಿನ ಪದರ ಅದಕ್ಕೆ ಕಾರಣ. ಜೆಲ್ ಅಲ್ಲದ ಸಾದಾ ಬಿಳಿ ಟೂತ್‌ಪೇಸ್ಟನ್ನು ಗಾಜಿನ ಒಳಮೈಗೆ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಿ. ತಯಾರಕರೇ ಹಬೆನಿರೋಧಕ ಲೇಪನ ಕೊಟ್ಟ ಗಾಜಾದರೆ ಮಾತ್ರ ಉಜ್ಜಬೇಡಿ, ಲೇಪನವೇ ಕಿತ್ತುಬರುತ್ತದೆ. ಬೆಂಕಿಯ ಜ್ವಾಲೆ ಹಿಡಿದು ಪದರ ಸುಡುವ ವಿಧಾನವನ್ನೂ ಕೆಲವರು ಹೇಳುತ್ತಾರೆ. ಸಿಲಿಕೋನ್ ಮತ್ತು ಚೌಕಟ್ಟು ಹಾಳಾಗುವ ಅಪಾಯವಿರುವುದರಿಂದ ಹೊಸಬರಿಗೆ ನಾನು ಅದನ್ನು ಸೂಚಿಸಲಾರೆ.

ಹಳೆಯ ಮಾಸ್ಕಿಗೆ ನೀರಿಗಿಳಿಯುವ ಮುನ್ನ ಒಣ ಗಾಜಿಗೆ ಉಗುಳು ಸವರಿ, ಅಥವಾ ನೀರು ಬೆರೆಸಿದ ಮಕ್ಕಳ ಶಾಂಪೂವಿನ ಹನಿ ಹಚ್ಚಿ ಒಮ್ಮೆ ಮಾತ್ರ ಅದ್ದಿ ತೆಗೆದರೆ ಸಾಕು. ಇಷ್ಟಾದ ಮೇಲೂ ಹಬೆ ಬಂದರೆ ಗಮನ ಮಾಸ್ಕಿನಿಂದ ನಿಮ್ಮ ಕಡೆಗೆ ತಿರುಗಬೇಕು: ಮೂಗಿನಿಂದ ಹೊರಬರುವ ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಗಾಜಿಗೆ ತಾಗಿದಾಗ ಹಬೆ ಹುಟ್ಟುತ್ತದೆ. ಹಬೆಯೂ ಸೋರಿಕೆಯೂ ಒಟ್ಟಿಗೇ ಇದ್ದರೆ ನೀವು ತಿಳಿಯದೆ ಮೂಗಿನಿಂದ ಉಸಿರು ಬಿಡುತ್ತಿದ್ದೀರಿ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಹೊರಗೆ ಬರುವ ಪ್ರತಿ ಉಸಿರು ಅಂಚನ್ನು ಸ್ವಲ್ಪ ಎಬ್ಬಿಸುತ್ತದೆ, ಆ ಕ್ಷಣದಲ್ಲಿ ನೀರು ಒಳಬರುತ್ತದೆ. ಈ ಜೋಡಿ ಲಕ್ಷಣವಿದ್ದವರು ಹೊಸ ಮಾಸ್ಕ್ ಕೊಳ್ಳುವ ಮೊದಲು ಮುಂದೆ ಬರುವ ಉಸಿರು ಕಟ್ಟುವ ಭಾಗವನ್ನು ಓದಬೇಕು.

ಲಕ್ಷಣ: ಮುಖ ಎಳೆದಂತಾಗುತ್ತದೆ, ಮೇಲೆ ಬಂದಾಗ ಕಣ್ಣು ಕೆಂಪಾಗಿರುತ್ತದೆ

ಕೆಳಗಿಳಿದಂತೆ ಒತ್ತಡ ಏರುತ್ತದೆ. ಕಡಲಿನಲ್ಲಿ 10 ಮೀಟರ್ ಆಳಕ್ಕೆ ಅದು ಮೇಲ್ಮೈಯ ಎರಡರಷ್ಟಾಗುತ್ತದೆ. ಮಾಸ್ಕಿನೊಳಗಿನ ಗಾಳಿ ಕುಗ್ಗಿ, ಆ ತೆರವನ್ನು ತುಂಬಲು ಮುಖದ ಚರ್ಮವೂ ಕಣ್ಣಿನ ಸೂಕ್ಷ್ಮ ರಕ್ತನಾಳಗಳೂ ಗಾಜಿನ ಕಡೆಗೆ ಸೆಳೆಯಲ್ಪಡುತ್ತವೆ. ಪರಿಹಾರ ಸುಲಭ: ಇಳಿಯುವಾಗ ಆಗಾಗ ಮೂಗಿನಿಂದ ಸ್ವಲ್ಪ ಗಾಳಿಯನ್ನು ಮಾಸ್ಕಿನೊಳಗೆ ಬಿಡಬೇಕು. ಉಸಿರು ಬಾಯಿಯಿಂದಲೇ ಎಂಬ ನಿಯಮಕ್ಕೆ ಇದೊಂದು ಅಗತ್ಯವಾದ ವಿನಾಯಿತಿ. ಮೊದಲ 10 ಮೀಟರಿನಲ್ಲೇ ಗಾಳಿಯ ಗಾತ್ರ ಅತಿ ಹೆಚ್ಚು ಬದಲಾಗುವುದರಿಂದ ಅಲ್ಲೇ ಹೆಚ್ಚು ಎಚ್ಚರ ಬೇಕು. ಒಳಗಿನ ತೆರವು ಕಡಿಮೆಯಿರುವ ಮಾಸ್ಕಿಗೆ ಕಡಿಮೆ ಗಾಳಿ ಸಾಕಾಗುವುದರಿಂದ ಹೊಸಬರಿಗೆ ಅದು ಅನುಕೂಲ.

ನೋವಿಲ್ಲದ, ದೃಷ್ಟಿಗೆ ಏನೂ ಆಗದ ಕೆಂಪು ನೋಡಲು ಭಯಾನಕವಾದರೂ ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿ ಹೋಗುತ್ತದೆ. ಕಣ್ಣು ನೋಯುತ್ತಿದ್ದರೆ, ಮಸುಕಾಗಿ ಅಥವಾ ಎರಡೆರಡಾಗಿ ಕಾಣುತ್ತಿದ್ದರೆ, ಕಣ್ಣು ಮುಂದಕ್ಕೆ ಉಬ್ಬಿದಂತಿದ್ದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಹುಬ್ಬಿನ ಮೇಲೆ ಅಥವಾ ಕೆನ್ನೆಯ ಎಲುಬಿನೊಳಗೆ ಚುಚ್ಚುವ ನೋವು ಮಾಸ್ಕಿನದಲ್ಲ, ಸೈನಸಿನದು. ನೆಗಡಿಯಿದ್ದಾಗ ನೀರಿಗಿಳಿಯಲೇಬಾರದು, ಇಳಿಯುವಾಗ ಕಿವಿ ನೋಯಲಾರಂಭಿಸಿದರೆ ಅಲ್ಲೇ ನಿಂತು ಸ್ವಲ್ಪ ಮೇಲಕ್ಕೆ ಬನ್ನಿ, ನೋವಿನೊಂದಿಗೆ ಮುಂದುವರಿಯಬೇಡಿ.

ಲಕ್ಷಣ: ಗಾಳಿ, ಆಳ ತೋರಿಸುವ ಗೇಜಿನ ಅಂಕಿ ಓದಲಾಗುವುದಿಲ್ಲ

ನೀರಿನಡಿ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ನಾಲ್ಕನೇ ಒಂದರಷ್ಟು ಹತ್ತಿರವಾಗಿ ಕಾಣುವುದರಿಂದ ಕಡಿಮೆ ಪವರಿನ ಕನ್ನಡಕದವರು ಅದಿಲ್ಲದೆ ನಿಭಾಯಿಸಬಲ್ಲರು. ಉಳಿದವರು ಎರಡು ಬಿಡಿ ಗಾಜುಗಳಿರುವ, ಪವರ್ ಗಾಜು ಕೂರಿಸಬಹುದಾದ ಮಾಸ್ಕ್ ಆರಿಸಲಿ. ಕಾಂಟಾಕ್ಟ್ ಲೆನ್ಸ್ ಹಾಕುವವರು ಮಾಸ್ಕಿನಲ್ಲಿ ನೀರು ತುಂಬುವಾಗ ಕಣ್ಣು ಮುಚ್ಚಬೇಕು, ಮೇಲೆ ಬಂದ ಬಳಿಕ ಆ ಲೆನ್ಸನ್ನು ತೆಗೆಯಬೇಕು. ಕಣ್ಣು ಕೆರಳಿ ನೋಯುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸಾಮಾನ್ಯ ಕನ್ನಡಕದ ಕಡ್ಡಿ ಅಂಚಿನಡಿ ಹೋದರೆ ಯಾವ ಮಾಸ್ಕೂ ನಿಲ್ಲದು.

ಲಕ್ಷಣ: ಮಾಸ್ಕ್ ಸರಿಯಿದೆ, ಆದರೂ ಮುಖಕ್ಕೆ ನೀರು ತಾಗಿದೊಡನೆ ಉಸಿರು ಕಟ್ಟುತ್ತದೆ

ಇದು ಹೇಡಿತನವಲ್ಲ. ಮೂಗು ಮತ್ತು ಕಣ್ಣಿನ ಸುತ್ತಲಿನ ಚರ್ಮಕ್ಕೆ ನೀರು ತಾಗಿದಾಗ ಮುಖದ ಸ್ಪರ್ಶ ತಿಳಿಸುವ ನರದ ಮೂಲಕ ಮೆದುಳಿಗೆ ಸಂದೇಶ ಹೋಗಿ ಉಸಿರು ತಡೆಯುವುದೂ ಹೃದಯದ ಬಡಿತ ನಿಧಾನವಾಗುವುದೂ ಎಲ್ಲ ಮನುಷ್ಯರಲ್ಲಿರುವ ಹುಟ್ಟುಗುಣ. ಬಾಯಲ್ಲಿ ಗಾಳಿ ಸಿಗುತ್ತಿದ್ದರೂ ದೇಹ ಅದನ್ನು ನಂಬಲು ಸಮಯ ಬೇಕು. ನದಿಯಲ್ಲಿ ಈಜಿ ಬೆಳೆದವರಿಗೂ ಈ ತೊಂದರೆ ಬರಬಹುದು, ಏಕೆಂದರೆ ಅವರು ಕಲಿತದ್ದು ನೀರಿನಡಿ ಉಸಿರು ಹಿಡಿಯುವುದನ್ನು. ಸ್ಕೂಬಾ ಕೇಳುವುದು ಉಸಿರಾಡುತ್ತಲೇ ಇರುವುದನ್ನು.

ಅಭ್ಯಾಸಕ್ಕೆ ಮುನ್ನ ನೀರಿನ ವಿಷಯದಲ್ಲಿ ಒಂದು ಗಂಭೀರ ಎಚ್ಚರಿಕೆಯಿದೆ. ಕೇರಳದಲ್ಲಿ 2024ರಿಂದ ಅಮೀಬಾದ ಮೆದುಳುಜ್ವರದ ಪ್ರಕರಣಗಳು ಹೆಚ್ಚಾಗಿ ವರದಿಯಾಗಿವೆ. ಇದನ್ನು ತರುವ ಜೀವಿಗಳಲ್ಲಿ ಮುಖ್ಯವಾದ ನೆಗ್ಲೇರಿಯಾ ಫೌಲೆರಿ ಬೆಚ್ಚನೆಯ ಸಿಹಿನೀರಿನಲ್ಲಿ ಬದುಕುತ್ತದೆ, ಕುಡಿದ ನೀರಿನಿಂದಲ್ಲ, ಮೂಗಿಗೆ ನುಗ್ಗಿದ ನೀರಿನಿಂದ ಮೆದುಳಿಗೇರುತ್ತದೆ. ಈ ಅಭ್ಯಾಸದ ಉದ್ದೇಶವೇ ಮೂಗಿಗೆ ನೀರು ತಾಗಿಸುವುದಾದ್ದರಿಂದ ತೋಟದ ಕೆರೆ, ಮದಕ, ದೇವಸ್ಥಾನದ ಕೊಳ, ನಿಂತ ನದಿಗುಂಡಿಗಳಲ್ಲಿ ಇದನ್ನು ಮಾಡಲೇಬಾರದು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಎಷ್ಟೇ ತಿಳಿಯಾಗಿದ್ದರೂ, ಅದು ಟಾಂಕಿಯಲ್ಲಿ ನಿಂತು ಬಿಸಿಲಿಗೆ ಕಾದ ಮೇಲೆ ಸುರಕ್ಷಿತವೆಂದು ಕಣ್ಣಿನಿಂದ ಹೇಳಲಾಗದು. ಮನೆಯಲ್ಲಿ ಮಾಡುವುದಾದರೆ ಕನಿಷ್ಠ 1 ನಿಮಿಷ ಕುದಿಸಿ ಆರಿಸಿದ ನೀರನ್ನೇ ಬಳಸಿ. ಹೊರಗಾದರೆ ಸರಿಯಾಗಿ ಕ್ಲೋರಿನ್ ಹಾಕಿದ ಈಜುಕೊಳ. ಕಡಲಿನ ಉಪ್ಪುನೀರಿನಲ್ಲಿ ನೆಗ್ಲೇರಿಯಾ ಬದುಕುವುದಿಲ್ಲ, ಆದರೆ ಅಲೆ ಮತ್ತು ಅಳಿವೆಯ ಸೆಳೆತವಿರುವ ನಮ್ಮ ದಡಗಳು ಹೊಸಬರ ಅಭ್ಯಾಸಕ್ಕೆ ತಕ್ಕ ಸ್ಥಳವಲ್ಲ. ಸಿಹಿನೀರು ಮೂಗಿಗೆ ಹೋದ ಮುಂದಿನ ಎರಡು ವಾರಗಳಲ್ಲಿ ಜ್ವರ, ಸಹಿಸಲಾಗದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮೂಗಿಗೆ ನೀರು ಹೋಗಿತ್ತೆಂಬುದನ್ನು ನೀವಾಗಿಯೇ ವೈದ್ಯರಿಗೆ ತಿಳಿಸಿ.

ಮೊದಲ ಅಭ್ಯಾಸ ನೀರಿಲ್ಲದೆ. ‘ಅಙ್’ ಎಂದು ಉಚ್ಚರಿಸಿ ಎಳೆದರೆ ಗಾಳಿ ಮೂಗಿನಿಂದ ಹೋಗುತ್ತದೆ. ‘ಅಗ್’ ಎಂದು ಹೇಳಹೊರಟು ಅಲ್ಲೇ ನಿಲ್ಲಿಸಿದರೆ ಬಾಯಿಯ ಹಿಂಬದಿಯ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಳಗೆ ಏನು ಅಲುಗುತ್ತದೆಂದು ಗಮನಿಸಿ. ಅದು ಗೊತ್ತಾದ ಮೇಲೆ, ಮೂಗು ಹಿಡಿಯದೆ, ಬಾಯಿಯಿಂದ ಮಾತ್ರ ಒಂದು ನಿಮಿಷ ಉಸಿರಾಡಲು ಸಾಧ್ಯವೇ ನೋಡಿ. ಮೂಗಿನ ಕೆಳಗೆ ಕೈಗನ್ನಡಿ ಹಿಡಿದರೆ ಹಬೆಯ ಗುರುತು ಸುಳ್ಳು ಹೇಳದು.

ಅನಂತರ ಅಗಲವಾದ ಪಾತ್ರೆಯಲ್ಲಿ ಆರಿಸಿದ ನೀರು ತುಂಬಿ, ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿ. ಅಷ್ಟು ಉಪ್ಪು ದೇಹದ ದ್ರವಕ್ಕೆ ಸಮನಾಗಿರುವುದರಿಂದ ಮೂಗು ಉರಿಯುವುದಿಲ್ಲ, ಮತ್ತು ಉರಿಯಿಲ್ಲದಿದ್ದರೆ ಗಾಬರಿಯ ಅರ್ಧ ಕಾರಣ ಹೋಗುತ್ತದೆ. ಮಾಸ್ಕ್ ಹಾಕದೆ, ಸ್ನಾರ್ಕೆಲ್ ಕಚ್ಚಿಕೊಂಡು ಮೊದಲು ಬಾಯಿಯ ಸುತ್ತ ಮಾತ್ರ, ಆಮೇಲೆ ಮೂಗಿನ ತುದಿ, ಆಮೇಲೆ ಇಡೀ ಮುಖವನ್ನು ಅದ್ದಿ. ಹೊರಗೆ ಬಿಡುವ ಉಸಿರು ಒಳಗೆ ಎಳೆಯುವುದಕ್ಕಿಂತ ಉದ್ದವಾಗಿರಲಿ. ಉಸಿರು ಕಟ್ಟಿದರೆ ಮುಖ ಎತ್ತಿ, ನಿಧಾನಿಸಿ, ಹಿಂದಿನ ಹಂತದಿಂದ ಮತ್ತೆ ಆರಂಭಿಸಿ. ಒಂದು ನಿಮಿಷ ನೆಮ್ಮದಿಯಾಗಿ ಉಸಿರಾಡಲು ಬಂದ ಮೇಲೆ ಬಾಯಿಯಿಂದ ಎಳೆದು ಮೂಗಿನಿಂದ ಗುಳ್ಳೆ ಬಿಡುವುದನ್ನು ಸೇರಿಸಿ. ಅಮ್ಮಂದಿರೋ ಅಣ್ಣಂದಿರೋ ಪಕ್ಕದಲ್ಲಿ ಕುಳಿತಿರಬೇಕು. ಒಬ್ಬರೇ ಇದ್ದಾಗ ಪಾತ್ರೆಯ ನೀರಿನಲ್ಲೂ ಮುಖ ಅದ್ದಬೇಡಿ. ಪಂದ್ಯಕ್ಕೆಂಬಂತೆ ಉಸಿರು ಹಿಡಿಯುವುದೂ, ಮೊದಲೇ ಜೋರುಜೋರಾಗಿ ಉಸಿರಾಡಿ ಸಿದ್ಧವಾಗುವುದೂ ಪ್ರಜ್ಞೆ ತಪ್ಪಿಸಬಲ್ಲವು. ತಲೆ ಸುತ್ತಿದರೆ ಆ ದಿನಕ್ಕೆ ನಿಲ್ಲಿಸಿ.

ವಾರಗಟ್ಟಲೆ ಅಭ್ಯಾಸದ ಬಳಿಕವೂ ಅದೇ ಹಂತದಲ್ಲಿ ಉಸಿರು ಕಟ್ಟುತ್ತಿದ್ದರೆ ಮೂಗಿನ ಕಾರಣವಿರಬಹುದು, ಅಥವಾ ಹಿಂದೆಂದೋ ನೀರಿನಲ್ಲಿ ಸಿಕ್ಕಿಕೊಂಡ ನೆನಪಿರಬಹುದು. ಮೊದಲನೆಯದಕ್ಕೆ ಕಿವಿ-ಮೂಗು-ಗಂಟಲಿನ ವೈದ್ಯರು, ಎರಡನೆಯದಕ್ಕೆ ಆಪ್ತಸಮಾಲೋಚಕರು. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ ಇದ್ದವರು ಸ್ಕೂಬಾಕ್ಕೆ ಹೆಸರು ಕೊಡುವ ಮೊದಲೇ ವೈದ್ಯರ ಒಪ್ಪಿಗೆ ಪಡೆಯಬೇಕು.

ಲಕ್ಷಣ: ಖಾಲಿ ಮಾಡಲು ಹೋದರೆ ಇನ್ನಷ್ಟು ತುಂಬುತ್ತದೆ

ಮಾಸ್ಕಿನ ಮೇಲಿನ ಚೌಕಟ್ಟನ್ನು ಹಣೆಗೆ ಒತ್ತಿ, ಮೂಗಿನಿಂದ ಉಸಿರು ಬಿಡಲಾರಂಭಿಸಿ, ಬಿಡುತ್ತಲೇ ಮುಖವನ್ನು ಮೇಲಕ್ಕೆತ್ತಬೇಕು. ಗಾಳಿ ಮೇಲ್ಭಾಗದಲ್ಲಿ ಸೇರಿ ನೀರನ್ನು ಕೆಳ ಅಂಚಿನಿಂದ ಹೊರದೂಡುತ್ತದೆ. ತುಂಬುತ್ತಿದೆಯೆಂದರೆ ಕೆಳ ಅಂಚನ್ನು ಒತ್ತುತ್ತಿರಬಹುದು, ಅಥವಾ ಮುಖದಿಂದ ತೀರಾ ದೂರ ಎಳೆಯುತ್ತಿರಬಹುದು, ಅಥವಾ ಮೂಗಿನ ಬದಲು ಬಾಯಿಯಿಂದ ಗಾಳಿ ಹೋಗುತ್ತಿರಬಹುದು. ನೀರು ಮೂಗಿಗೇರಿ ಕೆಮ್ಮು ಬರುತ್ತಿದ್ದರೆ ಕ್ರಮ ತಿರುಗಿದೆ: ಉಸಿರು ಆರಂಭವಾಗುವ ಮೊದಲೇ ಮುಖ ಎತ್ತಿದರೆ ನೀರು ನೇರ ಮೂಗಿನ ಹೊಳ್ಳೆಗಿಳಿಯುತ್ತದೆ. ಮಾಸ್ಕ್ ತುಂಬಿರುವಾಗ ಗಲ್ಲ ಕೆಳಗಿರಲಿ, ನೋಟ ನೆಲದ ಕಡೆಗಿರಲಿ. ಆಗ ಹೊಳ್ಳೆಯೊಳಗೆ ಗಾಳಿ ಉಳಿದು ನೀರನ್ನು ತಡೆಯುತ್ತದೆ. ಜೋರಾಗಿ ಸೀನಿದಂತೆ ಊದುವುದಕ್ಕಿಂತ ಉದ್ದವಾದ, ಸಮನಾದ ಉಸಿರು ಮೇಲು. ಈಜುಕೊಳದಲ್ಲಿ ಸೊಂಟಮಟ್ಟದ ನೀರಿನಲ್ಲಿ, ತರಬೇತುದಾರರ ಎದುರು, ಮೊದಲು ಕಾಲುಭಾಗ, ಆಮೇಲೆ ಅರ್ಧ, ಆಮೇಲೆ ಪೂರ್ತಿ ತುಂಬಿಸಿ ಕಲಿಯಿರಿ. ಪೂರ್ತಿ ತೆಗೆದು ಮತ್ತೆ ಹಾಕುವುದು ಕೊನೆಯದು.

ಲಕ್ಷಣ: ಕೊಳದಲ್ಲಿ ಎಲ್ಲ ಸರಿ, ಕಡಲಿನಲ್ಲಿ ಗಾಬರಿ

ಮೊದಲು ಮಾಸ್ಕನ್ನೇ ಅನುಮಾನಿಸಿ: ದೋಣಿಯಲ್ಲಿ ಕೊಟ್ಟ ಮಾಸ್ಕ್ ನೀವು ಅಭ್ಯಾಸ ಮಾಡಿದ್ದೇ? ಇಡೀ ಸಲಕರಣೆ ಬಾಡಿಗೆಗೆ ಪಡೆದರೂ ಮಾಸ್ಕೊಂದನ್ನು ಸ್ವಂತದ್ದೇ ಒಯ್ಯಿರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನಡಿ ಗಾಬರಿಯಾದರೆ ಮಾಡಬೇಕಾದುದು ಒಂದೇ. ರೆಗ್ಯುಲೇಟರ್ ಬಾಯಿಂದ ಬಿಡದೆ ಉಸಿರಾಡುತ್ತಿರಿ, ಜೊತೆಗಾರರನ್ನು ಹಿಡಿದು, ಅಂಗೈಯನ್ನು ಅತ್ತಿತ್ತ ಅಲುಗಿಸಿ ಮಾಸ್ಕನ್ನು ತೋರಿಸಿ. ಮಾಸ್ಕ್ ಪೂರ್ತಿ ಕಳಚಿಹೋದರೂ ಗಾಳಿ ಬರುವುದು ರೆಗ್ಯುಲೇಟರಿನಿಂದ. ಉಸಿರು ಹಿಡಿದು ಮೇಲಕ್ಕೆ ಧಾವಿಸುವುದು ಮಾತ್ರ ಕೂಡದು: ಮೇಲೇರಿದಂತೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ, ಒಂದೂವರೆ ಮೀಟರಿನಷ್ಟು ಕಡಿಮೆ ಆಳದಿಂದ ಬಂದರೂ ಶ್ವಾಸಕೋಶ ಹರಿಯಬಹುದು. ಹೆದರಿಕೆ ಇಳಿಯದಿದ್ದರೆ ತರಬೇತುದಾರರ ಜೊತೆ ನಿಧಾನವಾಗಿ, ಉಸಿರು ಬಿಡುತ್ತ ಮೇಲೆ ಬಂದು ಆ ದಿನದ ಡೈವಿಂಗ್ ಮುಗಿಸಿ.

ಹಾಗೆ ಆತುರದಲ್ಲಿ ಮೇಲೆ ಬಂದವರಿಗೆ ಎದೆನೋವು, ಏದುಸಿರು, ಬಾಯಲ್ಲಿ ರಕ್ತದ ನೊರೆ, ಕೈಕಾಲು ಜೋಮು, ಮಾತು ತೊದಲುವುದು ಅಥವಾ ಪ್ರಜ್ಞೆ ಮಸುಕಾಗುವುದು ಕಂಡರೆ ಅವರನ್ನು ಮಲಗಿಸಿ, ದೋಣಿಯಲ್ಲಿರುವ ಆಮ್ಲಜನಕ ಕೊಟ್ಟು, ದಡಕ್ಕೆ ಬರುವ ಮೊದಲೇ 108ಕ್ಕೆ ಕರೆ ಮಾಡಿಸಬೇಕು. ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ಇವರು ಸ್ಕೂಬಾ ಡೈವಿಂಗಿನಿಂದ ಬಂದವರು, ಇಷ್ಟು ಆಳದಿಂದ ಇಷ್ಟು ಹೊತ್ತಿಗೆ ಮೇಲೆ ಬಂದರು ಎಂದು ತಿಳಿಸಬೇಕು. ನೀರು ಶ್ವಾಸಕೋಶಕ್ಕೆ ಹೋಗಿ ಕೆಮ್ಮು ನಿಲ್ಲದವರನ್ನೂ, ಅವರು ಬೇಡವೆಂದರೂ, ಅಂದೇ ವೈದ್ಯರಿಗೆ ತೋರಿಸಬೇಕು.